ಬ್ಯಾಕಪ್ ರಾಯರು

ಯಶವಂತಪುರದ ಮಂಡಿಯಿಂದ ಪೀಣ್ಯದ ಕಾರ್ಖಾನೆವರೆಗೆ, ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಕಡೆಯೆಲ್ಲ ಒಬ್ಬ ಬ್ಯಾಕಪ್ ರಾಯರು ಇದ್ದೇ ಇರುತ್ತಾರೆ. ಹುದ್ದೆ ಅಕೌಂಟೆಂಟ್, ಕೊರಳಲ್ಲಿ ಪೆನ್‌ಡ್ರೈವ್. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಯಜಮಾನರು, "ರಾಯರೇ, ಬ್ಯಾಕಪ್ ಆಯ್ತಾ?" ಎನ್ನಬೇಕು. ರಾಯರು ಮಂತ್ರಾಕ್ಷತೆ ಹಾಕಿದಂತೆ, "ಆಗಿದೆ ಸಾರ್, ಮೂರು ಕಡೆ ಇದೆ" ಎನ್ನಬೇಕು. ಅಲ್ಲಿಗೆ ಶಾಸ್ತ್ರ ಮುಗಿಯಿತು.

ಯಾವ ಮೂರು ಕಡೆ ಎಂದು ಕೆದಕಬಾರದು. ಒಂದು ಡಿ ಡ್ರೈವ್, ಇನ್ನೊಂದು ಇ ಡ್ರೈವ್. ಎರಡೂ ಇರುವುದು ಮೂಲ ಲೆಕ್ಕ ಕೂತಿರುವ ಹಾರ್ಡ್‌ಡಿಸ್ಕಿನಲ್ಲೇ. ಅದು ಕೆಟ್ಟರೆ ಎಲ್ಲಕ್ಕೂ ಒಟ್ಟಿಗೇ ಸಹಗಮನ. ಮೂರನೆಯದು ಕೊರಳಿನದು. ಅದರಲ್ಲಿ ಮೊಮ್ಮಗಳ ನಾಮಕರಣದ ಫೋಟೊಗಳಿಗೆ ಜಾಗ ಸಾಲದೆ ಏನನ್ನೋ ಅಳಿಸಿದ್ದರು. ಏನನ್ನು ಎಂದು ನೆನಪಿಲ್ಲ.

"ಎಷ್ಟು ಹೊತ್ತಿನ ಎಂಟ್ರಿ ಹೋದರೆ ತಡೆದುಕೊಳ್ಳಬಹುದು? ಮತ್ತೆ ಬಿಲ್ ಹಾಕೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿ ನೋಡಿ. ಬ್ಯಾಕಪ್ಪಿನ ಯೋಜನೆಯೆಲ್ಲ ಶುರುವಾಗುವುದೇ ಈ ಎರಡು ಪ್ರಶ್ನೆಗಳಿಂದ. ರಾಯರ ಉತ್ತರ: "ಸಂಜೆ ಹೊತ್ತು ಅಪಶಕುನ ಆಡಬೇಡಿ." ಒಮ್ಮೆ ರಿಸ್ಟೋರ್ ಮಾಡಿ ನೋಡೋಣ ಎಂದರೆ ಬೆವರುತ್ತಾರೆ: "ಇರೋ ಲೆಕ್ಕದ ಮೇಲೇ ಹಳೇದು ಕೂತುಬಿಟ್ಟರೆ?" ಈ ಭಯ ಸುಳ್ಳಲ್ಲ. ಅದಕ್ಕೇ ಬೇರೆ ಕಂಪ್ಯೂಟರಿನಲ್ಲಿ ಮಾಡಬೇಕು.

ರಾಯರನ್ನು ನೋಡಿ ನಗುವ ಐಟಿ ಮಂದಿ ಸ್ವಲ್ಪ ತಡೆಯಿರಿ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು, ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನಿಂದಲೇ ಸುಮಾರು 300 ಜಿಬಿ ಡೇಟಾ ಅಳಿಸಿದರು. ದಿನವೂ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್, ಸಾಫ್ಟ್‌ವೇರ್ ಆವೃತ್ತಿ ಹೊಂದಿಕೆಯಾಗದೆ ಆಗುತ್ತಲೇ ಇರಲಿಲ್ಲ. ಹಾಗೆಂದು ತಿಳಿಸಲು ಹೊರಟ ಇಮೇಲ್‌ಗಳೂ ತಲುಪಿರಲಿಲ್ಲ. ಬೇರೇನೋ ಪರೀಕ್ಷೆಗೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಮಾನ ಉಳಿಸಿತು. ನಡುವಿನ ಆರು ಗಂಟೆಯ ಡೇಟಾ ಹೋದದ್ದು ಹೋಯಿತು.

ರಾಯರು ಇದನ್ನೆಲ್ಲ ಕೇಳಿ ಮರುಗಿದರು. "ಪಾಪ, ಅವರ ಹತ್ರ ಪೆನ್‌ಡ್ರೈವ್ ಇರಲಿಲ್ವಾ?"

ನಿಮ್ಮ ಆಫೀಸಿನ ರಾಯರಿಗೆ ಒಂದು ಕಾಫಿ ಕೊಡಿಸಿ, ಪಕ್ಕದ ಖಾಲಿ ಕಂಪ್ಯೂಟರ್ ತೋರಿಸಿ, ಬ್ಯಾಕಪ್ಪಿನಿಂದ ಹೋದ ತಿಂಗಳ ಲೆಡ್ಜರ್ ತೆರೆಯಲು ಹೇಳಿ. ಜಿಎಸ್‌ಟಿ ಕಟ್ಟುವ 20ನೇ ತಾರೀಖು ಮಾತ್ರ ಬೇಡ.