ಪಾಪದ ಆಯಿಲ್ ಸೀಲು

ಕಾಫಿ ಬೀಜಕ್ಕೆ ಅಕ್ಕಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುವ ಗುಣವಿದೆ. ಹಳೆಯ ಜೀಪಿಗೆ ನಿಂತಲ್ಲೆಲ್ಲ ಎಣ್ಣೆ ಬಿಡುವ ಗುಣವಿದೆ. ಈ ಎರಡು ಗುಣವಂತರೂ ಒಂದೇ ಕಣದ ಮೇಲೆ ಬೀಡುಬಿಟ್ಟರೆ ಮನೆಯಲ್ಲಿ ಶಾಂತಿ ಇರುವುದಿಲ್ಲ. ಸಿಮೆಂಟಿನ ಮೇಲಿನ ಕಲೆಗಳನ್ನು ನೋಡಿಯೇ ಜೀಪು ಯಾವತ್ತು ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂದು ನನ್ನ ಹೆಂಡತಿ ಹೇಳಬಲ್ಲಳು. ಜೀಪನ್ನು ತೆಂಗಿನ ಮರದ ಬುಡಕ್ಕೆ ದಬ್ಬಿದ್ದೂ ಆಯಿತು. ಅಲ್ಲಿ ಕಲೆ ಕಾಣುವುದಿಲ್ಲ, ಆದರೆ ಕಾಯಿ ಬೀಳುತ್ತದೆ.

ಎಣ್ಣೆ ಬಿಡುತ್ತಿದ್ದದ್ದು ಟ್ರಾನ್ಸ್‌ಫರ್ ಕೇಸು. ಬರೀ ಕಾರು ಓಡಿಸಿದವರಿಗೆ ಇದರ ಪರಿಚಯ ಇರುವುದಿಲ್ಲ. ಗೇರ್ ಬಾಕ್ಸಿನ ಬೆನ್ನಿಗೆ ಅಂಟಿಕೊಂಡು ಕೂತಿರುವ ಎರಕದ ಪೆಟ್ಟಿಗೆ. ಇಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗಿಷ್ಟು, ಹಿಂದಿನವಕ್ಕಿಷ್ಟು ಎಂದು ಹಂಚುವುದು ಅದರ ಉದ್ಯೋಗ. ದೊಡ್ಡ ಗೇರ್ ಲಿವರಿನ ಪಕ್ಕದಲ್ಲಿ ಎರಡು ಕುಳ್ಳ ಲಿವರುಗಳಿರುತ್ತವಲ್ಲ, ಅವು ಇದರವು. ಒಂದು ಫೋರ್ ವೀಲ್ ಹಾಕಲು, ಇನ್ನೊಂದು ಲೋ ಹಾಕಲು. ಲೋ ಹಾಕಿದರೆ ಚಕ್ರಕ್ಕೆ ಸುಮಾರು ಎರಡೂವರೆ ಪಟ್ಟು ಬಲ, ವೇಗವೂ ಅಷ್ಟೇ ಪಾಲು ಕಡಿಮೆ. ಜೊತೆಯಲ್ಲಿ ನಡೆದು ಬರುವವರು ಮೊದಲು ಮನೆ ಸೇರುತ್ತಾರೆ. ಅಮೆರಿಕದ ಸೈನ್ಯಕ್ಕೆಂದು 1941ರಲ್ಲಿ ತಯಾರಾಗತೊಡಗಿದ ವಿಲ್ಲಿಸ್ ಜೀಪಿನಲ್ಲಿ ಇದ್ದದ್ದು ಸ್ಪೈಸರ್ 18 ಎಂಬ ಪೆಟ್ಟಿಗೆ. ನನ್ನದೂ ಅದೇ ವಂಶದ್ದು. ಯುದ್ಧ 1945ರಲ್ಲಿ ಮುಗಿಯಿತು. ಮೂಡಿಗೆರೆ ಕಡೆಯ ಏರಿನಲ್ಲಿ ಈ ಪೆಟ್ಟಿಗೆಗೆ ಮಾತ್ರ ಇನ್ನೂ ರಜೆ ಸಿಕ್ಕಿಲ್ಲ. ಕಾಫಿ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಹೆರಿಗೆಗೆ ಹೊರಟವರು, ಎಲ್ಲರನ್ನೂ ಹತ್ತಿಸಿ ಇಳಿಸುತ್ತಿದೆ.

ಇದರ ಹಿಂಬದಿಗೇ ಹ್ಯಾಂಡ್‌ಬ್ರೇಕಿನ ಡ್ರಮ್ಮು ಇರುತ್ತದೆ. ಇಂಥ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ, ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಅಥವಾ ಹಿಡಿಯಬೇಕು. ಪೆಟ್ಟಿಗೆಯಿಂದ ಒಸರಿದ ಎಣ್ಣೆ ಡ್ರಮ್ಮಿನೊಳಗೆ ಹೋಗಿ ಲೈನರನ್ನು ನೆನೆಸಿದ ಮೇಲೆ ಲಿವರ್ ಎಳೆಯುವುದು ಬರೀ ಶಾಸ್ತ್ರ. ಹಾಗಾಗಿ ಜೀಪಿನಲ್ಲಿ ಯಾವಾಗಲೂ ಒಂದು ಕಲ್ಲು ಪ್ರಯಾಣ ಮಾಡುತ್ತಿತ್ತು. ಅದನ್ನು ಚಕ್ರಕ್ಕೆ ಕೊಡಲು ಜೀಪು ನಿಲ್ಲುವ ಮೊದಲೇ ಹಾರುವ ಹುಡುಗನೂ ಇದ್ದ.

ಒಸರುವ ಜೀಪು ಊರಿನ ಆಸ್ತಿ. ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಸಾಕು, ಯಾರಾದರೊಬ್ಬರು ಬಂದು ನೆಲದ ಹನಿ ನೋಡಿ, “ಆಯಿಲ್ ಸೀಲ್ ಹೋಗಿದೆ” ಎನ್ನುತ್ತಾರೆ. ಕಾಫಿ ವ್ಯಾಪಾರಿ ಹೇಳಿದ, ಪೋಸ್ಟ್‌ಮನ್ ಹೇಳಿದ, ಲಾರಿ ಡ್ರೈವರಂತೂ ಸೀಟಿನಿಂದ ಇಳಿಯದೆಯೇ ಹೇಳಿದ. ಬಗ್ಗಿ ನೋಡಿದವರು ಯಾರೂ ಇಲ್ಲ. ಆಯಿಲ್ ಸೀಲಿನಷ್ಟು ನಿಂದೆ ಹೊತ್ತ ವಸ್ತು ವಾಹನದಲ್ಲಿ ಇನ್ನೊಂದಿಲ್ಲ. ಬಳೆಯಷ್ಟು ಅಗಲದ ರಬ್ಬರು, ಒಳಗೊಂದು ಸಣ್ಣ ಸ್ಪ್ರಿಂಗು; ಅದಕ್ಕೆ ಎದುರುತ್ತರ ಕೊಡುವ ಬಾಯಿಯೂ ಇಲ್ಲ. ಎಲ್ಲರ ಮಾತು ಕೇಳಿ ಹಿಂದಿನ ಸೀಲು ಬದಲಾಯಿಸಿದ್ದಾಯಿತು. ಒಸರುವುದು ಮುಂದುವರಿಯಿತು. ಆಗ ಊರಿನವರು, “ಡೂಪ್ಲಿಕೇಟ್ ಸೀಲ್ ಹಾಕಿದ್ದಾರೆ” ಎಂದರು.

ಕೊನೆಗೆ ಜೀಪು ಹೋಗಿ ನಿಂತದ್ದು ಮೆಕ್ಯಾನಿಕ್ ಕಾಕನ ಶೆಡ್ಡಿನಲ್ಲಿ. ಕಾಕ ಹನಿಯನ್ನು ಬೆರಳಿಗೆ ಹಚ್ಚಿ ಮೂಸಿದರು. ಗಂಧಕದ ಘಾಟು. ಅಂದರೆ ಇಂಜಿನ್ ಆಯಿಲ್ಲಲ್ಲ, 90 ನಂಬರಿನ ಗೇರ್ ಆಯಿಲ್ಲೇ. ಆಮೇಲೆ ಶೆಡ್ಡಿನ ಹುಡುಗನ ಕೈಯಲ್ಲಿ ಪೆಟ್ಟಿಗೆಗೆ ಡೀಸೆಲ್ ಹೊಡೆಸಿ, ಬ್ರಷ್ಷಿನಲ್ಲಿ ತಿಕ್ಕಿಸಿ, ಬಟ್ಟೆಯಲ್ಲಿ ಒರೆಸಿಸಿದರು. ವರ್ಷಗಳ ಕೆಸರು ಹೋಗಿ ಲೋಹ ಕಂಡಾಗ ನನಗೇ ಗುರುತು ಸಿಗಲಿಲ್ಲ.

“ಗೌಡ್ರೆ, ಮನೇಲಿ ಪೌಡರ್ ಇದ್ಯಾ?”

“ಯಾವ ಪೌಡರ್ ಕಾಕ?”

“ಮುಖಕ್ಕೆ ಹಾಕೋದು.”

ಮಾರನೆಯ ಬೆಳಿಗ್ಗೆ ಹೆಂಡತಿಯ ಡಬ್ಬಿ ಜೇಬಿಗಿಳಿಸಿಕೊಂಡು ಹೋದೆ. ಹುಡುಗ ಜೀಪಿನ ಅಡಿಯಲ್ಲಿ ಅಂಗಾತ ಮಲಗಿ ಪೆಟ್ಟಿಗೆಗೆ, ಪ್ರೊಪೆಲ್ಲರ್ ಶಾಫ್ಟ್ ಕೂರುವ ಫ್ಲಾಂಜಿಗೆ, ಡ್ರಮ್ಮಿನ ಬೆನ್ನಿಗೆ ಧಾರಾಳವಾಗಿ ಪೌಡರ್ ಹಚ್ಚಿದ. ಉಳಿದದ್ದನ್ನು ತನ್ನ ಕುತ್ತಿಗೆಗೂ ಹಚ್ಚಿಕೊಂಡ. ಘಮಘಮಿಸುವ ಜೀಪಿನಲ್ಲಿ ಒಂದು ಸುತ್ತು ಹೋಗಿ ಬಂದು ಮೂವರೂ ಅಡಿಗೆ ಇಣುಕಿದೆವು. ಬಿಳಿಯ ಮೇಲೆ ಕಪ್ಪು ಗೆರೆಗಳು. ಎಣ್ಣೆ ಹೊರಡುತ್ತಿದ್ದ ಒಂದು ಜಾಗ ಪೆಟ್ಟಿಗೆಯ ಮುಂಭಾಗ, ಕುಳ್ಳ ಲಿವರುಗಳ ಸರಳು ಹೊರಬರುವ ತೂತು. ಅಲ್ಲಿಂದ ಓಟದ ಗಾಳಿಗೆ ಹಿಂದಕ್ಕೆ ಹರಿದು, ಪೆಟ್ಟಿಗೆಯ ಹೊಟ್ಟೆ ಸುತ್ತಿ, ಡ್ರಮ್ಮಿನ ಹತ್ತಿರ ಬಂದು ಹನಿಯುತ್ತಿತ್ತು. ಇನ್ನೊಂದು ಜಾಗ ಹಿಂದಿನ ಫ್ಲಾಂಜಿನ ನಟ್ಟಿನ ನಡುಮಧ್ಯ. ಶಾಫ್ಟಿನ ಹಲ್ಲುಗಳ ಸಂದಿಯಲ್ಲೇ ನುಸುಳಿ, ವಾಷರ್ ದಾಟಿ, ಸೀಲಿನ ಮುಖವನ್ನೂ ನೋಡದೆ ಎಣ್ಣೆ ಹೊರಗೆ ಬರುತ್ತಿತ್ತು.

“ಸೀಲ್ ಪಾಪದ್ದು ಗೌಡ್ರೆ. ಅದಕ್ಕೆ ಬೈಬೇಡಿ” ಎಂದರು ಕಾಕ.

ಆದರೆ ಇಷ್ಟೊಂದು ಎಣ್ಣೆ ಎಲ್ಲಿಂದ? ಪೆಟ್ಟಿಗೆ ಹಿಡಿಯುವುದೇ ಸುಮಾರು 1.5 ಲೀಟರು. ಪಕ್ಕದ ಪ್ಲಗ್ಗು ಬಿಚ್ಚಿ ಬೆರಳು ಹಾಕಿದರೆ ಎಣ್ಣೆ ತೂತಿನ ಅಂಚಿಗೆ ತಾಗಬೇಕು, ಅದು ಸರಿಯಾದ ಮಟ್ಟ. ನಮ್ಮದರಲ್ಲಿ ಪ್ಲಗ್ಗು ತೆಗೆದದ್ದೇ ತಡ, ಕಾಕನ ಮೊಣಕೈವರೆಗೂ ಎಣ್ಣೆ ಇಳಿಯಿತು. ಒಸರುವ ಪೆಟ್ಟಿಗೆಯಲ್ಲಿ ಎಣ್ಣೆ ಹೆಚ್ಚಾಗಿದೆ! ಗೇರ್ ಬಾಕ್ಸಿನ ಪ್ಲಗ್ಗಿನಲ್ಲಿ ಬೆರಳಿಟ್ಟರೆ ಏನೂ ತಾಗಲಿಲ್ಲ. ಅಣ್ಣತಮ್ಮಂದಿರು ಪಾಲಾದ ಮೇಲೂ ನಡುಗೋಡೆ ಒಂದೇ ಇರುವ ಮನೆಯ ಹಾಗೆ ಈ ಎರಡು ಪೆಟ್ಟಿಗೆಗಳು. ಗೇರ್ ಬಾಕ್ಸಿನ ಶಾಫ್ಟು ಗೋಡೆ ದಾಟಿ ಬಂದು ಟ್ರಾನ್ಸ್‌ಫರ್ ಕೇಸಿನೊಳಗೇ ಹಲ್ಲು ತಿರುಗಿಸುತ್ತದೆ. ನಡುವಿನ ಬೇರಿಂಗಿನ ಸಂದಿಯಲ್ಲಿ ಎಣ್ಣೆ ಸದ್ದಿಲ್ಲದೆ ಆಚೆ ಮನೆಗೆ ಹೋಗುತ್ತದೆ. ಒಣಗಿದವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೊಂದು ಕಾರಣ ಪೆಟ್ಟಿಗೆಯ ಮೇಲಿತ್ತು. ಬ್ರೀದರ್ ಎಂಬ ಸಣ್ಣ ಟೋಪಿ. ಓಡುವಾಗ ಪೆಟ್ಟಿಗೆ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಅದು ಈ ಟೋಪಿಯಲ್ಲಿ ಹೊರಗೆ ಹೋಗಬೇಕು. ನಮ್ಮ ರಸ್ತೆಯ ಕೆಸರು ಅದನ್ನು ಗಾರೆ ಹಾಕಿದಂತೆ ಮುಚ್ಚಿತ್ತು. ದಾರಿ ಸಿಗದ ಗಾಳಿ ಎಣ್ಣೆಯನ್ನೇ ಹೊರಕ್ಕೆ ದಬ್ಬುತ್ತಿತ್ತು. ಹೀಗಿರುವಾಗ ಹೊಸ ಸೀಲು ತಾನೇ ಏನು ಮಾಡೀತು? ನನ್ನನ್ನು ಕೇಳಿದರೆ ಹಳೆಯ ಜೀಪಿನ ಯಾವ ಸೋರಿಕೆಗೂ ಬ್ರೀದರ್ ಶುದ್ಧ ಮಾಡದೆ ಸ್ಪ್ಯಾನರ್ ಮುಟ್ಟಬಾರದು. ಒಂದು ತಂತಿ ತುಂಡು, ಎರಡು ನಿಮಿಷ, ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೇ ಇರಬೇಕು, ಯಾರಿಗೂ ನೆನಪಾಗುವುದಿಲ್ಲ.

ಉಳಿದ ರಿಪೇರಿ ಒಂದೇ ಮಧ್ಯಾಹ್ನ ಮುಗಿಯಿತು. ಲಿವರಿನ ಸರಳುಗಳಿಗೆ ಪುಟ್ಟ ಸೀಲುಗಳು, ಶಾಫ್ಟಿನ ಹಲ್ಲಿಗೆ ತೆಳುವಾಗಿ ಪೇಸ್ಟು, ಡ್ರಮ್ಮಿಗೆ ಹೊಸ ಲೈನರು. ಫ್ಲಾಂಜಿನ ಕುತ್ತಿಗೆಯಲ್ಲಿ ಹಳೆಯ ಸೀಲು ಉಗುರು ಸಿಕ್ಕಿಕೊಳ್ಳುವಷ್ಟು ಗೀರು ತೋಡಿತ್ತು. ಫ್ಲಾಂಜು ಲೇತಿಗೆ ಹೋಗಿ ಸ್ಲೀವ್ ಹಾಕಿಸಿಕೊಂಡು ಬಂತು. ಅಡಿಯ ಮುಚ್ಚಳದ ಪ್ಯಾಕಿಂಗಿಗೆ ಏನು ಹಚ್ಚಬೇಕೆನ್ನುವುದರ ಮೇಲೆ ಮಾತ್ರ ಗುರುಶಿಷ್ಯರಿಗೆ ಜಗಳ. ಹುಡುಗ ಸಿಲಿಕಾನ್ ಪೇಸ್ಟಿನ ಪಕ್ಷ, ಅದೂ ಟ್ಯೂಬ್ ಖಾಲಿಯಾಗುವವರೆಗೆ. ಕಾಕ ಶೆಲ್ಲಾಕಿನ ಕಾಲದವರು. “ಜಾಸ್ತಿ ಹಚ್ಚಿದ್ದು ಒಳಗೆ ಬಿದ್ದು ಗೇರಿನ ಬಾಯಿಗೆ ಹೋಗ್ತದೆ, ನಿನ್ನ ಬಾಯಿಗಲ್ಲ” ಎಂದು ಬೈದು ತಾವೇ ಹಚ್ಚಿದರು. ನಡುವಿನ ಬೇರಿಂಗಿಗೆ ಕೈ ಹಾಕಲಿಲ್ಲ. ಅದಕ್ಕೆ ಎರಡೂ ಪೆಟ್ಟಿಗೆ ಇಳಿಸಬೇಕು. “ಬೇರಿಂಗ್ ಇನ್ನೂ ಸಡಿಲ ಆಗಿಲ್ಲ, ಇರ್ಲಿ. ತಿಂಗಳಿಗೊಮ್ಮೆ ಎರಡಕ್ಕೂ ಬೆರಳು ಹಾಕಿ ನೋಡಿ” ಎಂದರು. ಕೆಲಸ ಇದ್ದರೂ ಬೇಡ ಎನ್ನುವ ಮೆಕ್ಯಾನಿಕ್ ಸಿಗುವುದು ಸುಲಭವಲ್ಲ.

ಟ್ರಯಲ್ಲಿಗೆ ಕಾಕನೇ ಕೂತರು. ಶೆಡ್ಡಿನಿಂದ ಏರಿನ ತಿರುವಿನವರೆಗೆ ಹೋಗಿ ಮುಖ ಸಣ್ಣ ಮಾಡಿಕೊಂಡು ಬಂದರು.

“ಪಿಕಪ್ಪೇ ಇಲ್ಲ ಗೌಡ್ರೆ. ಎಳೀತಾನೇ ಇಲ್ಲ. ಡೀಸೆಲ್ ಪಂಪ್ ಬಿಚ್ಚಬೇಕಾಗ್ತದೆ.”

ಪಂಪಿನ ಖರ್ಚು ಎಷ್ಟಾದೀತೆಂದು ನಾನು ಲೆಕ್ಕ ಹಾಕುತ್ತಿದ್ದಾಗ ಜೀಪಿನ ಅಡಿಯಿಂದ ಹೊಗೆ ಎದ್ದಿತು. ಹುಡುಗ ಕಲ್ಲು ಹಿಡಿದುಕೊಂಡು ಓಡಿ ಬಂದವನು, ಒಳಗೆ ಇಣುಕಿ, “ಕಾಕಾ, ಹ್ಯಾಂಡ್‌ಬ್ರೇಕ್ ಎಳೆದೇ ಇದೆ!” ಎಂದ.

ಕಾಕ ಒಂದು ಗಳಿಗೆ ಲಿವರನ್ನು ನೋಡಿದರು, ಆಮೇಲೆ ನನ್ನನ್ನು.

“ಈ ಮಾಡೆಲ್‌ನಲ್ಲಿ ಅದು ಹಿಡೀತದೆ ಅಂತ ಯಾರಿಗೆ ಗೊತ್ತಿತ್ತು ಗೌಡ್ರೆ?”