ಶ್ರೀಮಾನ್ ರೂಟರ್‌ರಾಯರ ಸನ್ನಿಧಾನಕ್ಕೆ

ಮುಕ್ಕಾಂ: ಟೀವಿ ಸ್ಟ್ಯಾಂಡಿನ ಮೇಲೆ, ಕೋಥ್ರೂಡ್, ಪುಣೆ.

ಮನೆಯ ಸಮಸ್ತ ಉಪಕರಣಗಳ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ರಾಯರ ಸೆಟ್ಟಿಂಗ್ ಪುಟದಲ್ಲಿ ಐಪಿವಿ6 ಎಂಬ, ಇಂಟರ್ನೆಟ್ಟಿನ ಹೊಸ ವಿಳಾಸ ಪದ್ಧತಿಯ ಗುಂಡಿಯಿದೆ. ಅದು ಸದಾ 'ಆಫ್'. ಯಾಕೆಂದು ಕೇಳಿದರೆ ಯಜಮಾನರ ಉತ್ತರ ಸಿದ್ಧ: "ಸೇಫ್ಟಿ!" ಅದೇ ಯಜಮಾನರ ಫೋನು ಫರ್ಗ್ಯುಸನ್ ರಸ್ತೆಗೆ ಇಳಿದ ಕೂಡಲೇ ಜಿಯೋ ಸಿಮ್ಮಿನಲ್ಲಿ ಐಪಿವಿ6 ವಿಳಾಸ ಹೊತ್ತು ಮೆರೆಯುತ್ತದೆ. 2016ರಲ್ಲಿ ಶುರುವಾದಾಗಿನಿಂದ ಆ ಜಾಲ ನಡೆದದ್ದೇ ಹಾಗೆ. ಬೀದಿಯಲ್ಲಿಲ್ಲದ ಭಯ ಮನೆಯೊಳಗೆ ಬಂದರೆ ಏನೆನ್ನಬೇಕು?

ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಜಾಗತಿಕ ದಾಸ್ತಾನು 2011ರ ಫೆಬ್ರವರಿ 3ರಂದು ಮುಗಿಯಿತು. ಏಪ್ರಿಲ್‌ನಿಂದ ಏಷ್ಯಾ-ಪೆಸಿಫಿಕ್ ಭಾಗಕ್ಕೆ ರೇಷನ್ ಶುರುವಾಯಿತು. ಇಂಥ ಬರ ಬರಲಿದೆಯೆಂದು ಮೊದಲೇ ಕಂಡುಕೊಂಡ ಉಪಾಯ ನ್ಯಾಟ್: ಇಡೀ ಮನೆಗೆ ಒಂದೇ ವಿಳಾಸ. ಒಳಗಿನವರು ಹೊರಗೆ ಕಾಣದಿರುವುದು ಅದರ ಅಡ್ಡಪರಿಣಾಮ ಅಷ್ಟೇ. ಆ ಕೊರತೆಗೇ ರಾಯರು ಭದ್ರತೆಯೆಂಬ ಬಿರುದು ಕೊಟ್ಟಿದ್ದಾರೆ. ಇಂಟರ್ನೆಟ್ ಕಂಪನಿಯವರೂ ತಮ್ಮ ಕಡೆ ಇನ್ನೊಂದು ನ್ಯಾಟ್ ಹಾಕಿದರಂತೂ, ಸ್ವಂತ ಬಾಗಿಲಿನ ಕ್ಯಾಮರಾದ ಚಿತ್ರವೂ ಯಾರದೋ ಸರ್ವರ್ ಸುತ್ತಿಕೊಂಡೇ ಬರಬೇಕು.

2022ರ ಡಿಸೆಂಬರ್ 31ರ ನಂತರದ ಹೊಸ ವೈರ್‌ಲೈನ್ ಸಂಪರ್ಕಗಳು ಐಪಿವಿ6ಕ್ಕೆ ಸಜ್ಜಾಗಿರಬೇಕೆಂದು ದೂರಸಂಪರ್ಕ ಇಲಾಖೆ 2021ರಲ್ಲೇ ಹೇಳಿತ್ತು. ಸಂಪರ್ಕ ಸಜ್ಜಾದರೂ ರಾಯರ ಗುಂಡಿ ಮಾತ್ರ ಕದಲಿಲ್ಲ.

ಗುಂಡಿ ಒತ್ತಿದರೆ ಪ್ರತಿ ಉಪಕರಣಕ್ಕೂ ಜಗತ್ತಿಗೆ ತಿಳಿಯುವ ವಿಳಾಸ ಸಿಗುತ್ತದೆ, ನಿಜ. ಆದರೆ ವಿಳಾಸ ಗೊತ್ತಿದ್ದವರೆಲ್ಲ ಒಳನುಗ್ಗಬೇಕೆಂದೇನಿಲ್ಲ. ಈ ಊರಿನವರಿಗೆ ಅದನ್ನು ಹೇಳಿಕೊಡಬೇಕೇ? ಸದಾಶಿವ ಪೇಠೆಯ ಬಾಗಿಲುಗಳ ಮೇಲಿನ ಫಲಕಗಳ, ಅಂದರೆ ಪುಣೇರಿ ಪಾಟಿಯ, ಖಾರವನ್ನೇ ರಾಯರು ಎರವಲು ತರಲಿ: "ಒಳಗಿನವರು ಕರೆದಿದ್ದರೆ ಮಾತ್ರ ಬನ್ನಿ. ಇಲ್ಲವಾದರೆ, ಬಂದ ದಾರಿ ಗೊತ್ತೇ ಇದೆ." ಫೈರ್‌ವಾಲ್ ಮಾಡುವುದು ಇಷ್ಟೇ. ಮನೆಯ ರೂಟರು ಕರೆಯದೆ ಬಂದ ಸಂಪರ್ಕವನ್ನು ಹೇಗೆ ತಡೆಯಬೇಕೆಂದು ಆರ್‌ಎಫ್‌ಸಿ 6092 ಎಂಬ ದಾಖಲೆ 2011ರಲ್ಲೇ ವಿವರಿಸಿದೆ.

ಹಾಗೆಂದು ಸಿಕ್ಕಿದ್ದನ್ನೆಲ್ಲ ತಡೆಯುವ ಉತ್ಸಾಹವೂ ಬೇಡ. ಜಾಲದ ದೂರು-ವರದಿ ಹೊತ್ತು ತರುವ ಐಸಿಎಂಪಿವಿ6 ಸಂದೇಶಗಳನ್ನು ಸಾರಾಸಗಟಾಗಿ ತಡೆದರೆ "ಪ್ಯಾಕೆಟ್ ದೊಡ್ಡದಾಯಿತು" ಎಂಬ ದೂರು ಕಳಿಸಿದವರಿಗೆ ತಲುಪುವುದಿಲ್ಲ. ಪುಟ ಅರ್ಧ ತೆರೆದು ಸುಮ್ಮನಾಗುತ್ತದೆ. ಆಗ ಬೈಗುಳ ತಿನ್ನುವುದು ಪಾಪದ ಲ್ಯಾಪ್‌ಟಾಪ್.

ಆದ್ದರಿಂದ ವಿನಂತಿ: ಫರ್ಮ್‌ವೇರ್ ಅಪ್‌ಡೇಟ್ ಆಗಲಿ, ಐಪಿವಿ6 ಫೈರ್‌ವಾಲ್ ಆನ್ ಇದೆಯೇ ಎಂದು ನೋಡಲಿ, ಆಮೇಲೆ ಗುಂಡಿ ಒತ್ತಲಿ.

ಇಂತಿ ವಿಧೇಯರು,
ಟೀವಿ, ಲ್ಯಾಪ್‌ಟಾಪ್, ಫೋನುಗಳು

ತಾ.ಕ.: ಕ್ಯಾಮರಾದ ಸಹಿ ಪಡೆದಿಲ್ಲ. ಅದರ ಪಾಸ್‌ವರ್ಡ್ ಇನ್ನೂ 'ಅಡ್ಮಿನ್'. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಲಕ್ಷಾಂತರ ಉಪಕರಣಗಳನ್ನು ಇಂಥದೇ ಪಾಸ್‌ವರ್ಡ್‌ಗಳಿಂದ ವಶಪಡಿಸಿಕೊಂಡಿತ್ತು, ಅದೂ ಐಪಿವಿ4ರಲ್ಲೇ.