ಗಂಜಿ ಹಾಕಿದ ಪದ

ಮೂರು ದಿನವಾದರೂ ನನ್ನ ಎರಡು ಅಂಗಿ ಇಸ್ತ್ರಿ ಗಾಡಿಯ ಕೆಳಗಿನ ಗಂಟು ಬಿಟ್ಟು ಮೇಲೆ ಬಂದಿರಲಿಲ್ಲ. ‘ಕ್ಯಾಂಡಿಡೇಟ್ ಬಟ್ಟೆ ಬಂದೈತೆ ಸಾರ್, ಅದು ಮೊದ್ಲು’ ಎಂದ ಗಾಡಿಯವನು. ಬಿಳಿ ಅಂಗಿ, ಬಿಳಿ ಪಂಚೆಗಳ ರಾಶಿ. ಗಂಜಿ ಕುಡಿದು ಹಪ್ಪಳದಂತೆ ಸೆಟೆದು ಕೂತಿದ್ದವು. ಬರಿಗೈಯಲ್ಲಿ ಮನೆಗೆ ಬಂದವನು ಸಿಟ್ಟಿಗೆ ನಿಘಂಟು ತೆಗೆದೆ.

ಗಾಡಿಯವನು ಲ್ಯಾಟಿನ್ ಓದಿದವನಲ್ಲ. ಆದರೂ ಅವನ ಮಾತು ಅಕ್ಷರಶಃ ಸರಿ. ‘ಕಾಂಡಿಡಾಟುಸ್’ ಎಂದರೆ ಬಿಳಿ ಬಟ್ಟೆ ಉಟ್ಟವನು. ರೋಮಿನಲ್ಲಿ ಪದವಿಗೆ ನಿಂತವರು ಉಣ್ಣೆಯ ಟೋಗಾಕ್ಕೆ ಸೀಮೆಸುಣ್ಣ ತಿಕ್ಕಿ, ಥಳಥಳಿಸುತ್ತ ಪೇಟೆಗೆ ಇಳಿಯುತ್ತಿದ್ದರು. ಎದುರು ಸಿಕ್ಕ ಮತದಾರನ ಹೆಸರನ್ನು ಕಿವಿಯಲ್ಲಿ ಉಸುರಲೆಂದೇ ಪಕ್ಕದಲ್ಲೊಬ್ಬ ಗುಲಾಮ. ಹೀಗೆ ಮತಕ್ಕಾಗಿ ಸುತ್ತುವುದೇ ‘ಆಂಬಿಟಿಯೊ’. ನಾವು ಮಕ್ಕಳ ತಲೆಗೆ ತುಂಬುವ ಆಂಬಿಷನ್ ಅದರ ಮಗಳು. ಸುತ್ತುತ್ತ ದುಡ್ಡು ಹಂಚಿದರೆ ‘ಆಂಬಿಟುಸ್’, ಅದು ಅಪರಾಧ. ಬಟ್ಟೆಗೆ ಬಿಳುಪು ಹಚ್ಚಿಕೊಂಡು ಮತ ಕೇಳಬಾರದೆಂದು ಕ್ರಿ.ಪೂ. 432ರಲ್ಲೇ ಕಾನೂನಾಗಿತ್ತೆಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಪಾಲಿಸಿದವರು ಕಡಿಮೆ ಎಂದು ಕಾಣುತ್ತದೆ: ಕ್ರಿ.ಪೂ. 64ರಲ್ಲಿ ಕಾನ್ಸಲ್ ಹುದ್ದೆಗೆ ನಿಂತ ಸಿಸೆರೊ ಎದುರಾಳಿಗಳ ಮೇಲೆ ಹರಿಹಾಯ್ದ ಭಾಷಣಕ್ಕೆ ‘ಬಿಳಿ ಟೋಗಾದಲ್ಲಿ’ ಎಂದೇ ಹೆಸರು.

ಇದಕ್ಕೆಲ್ಲ ಮೂಲ ‘ಹೊಳೆ’ ಎಂಬರ್ಥದ ಒಂದು ಧಾತು. ಕ್ಯಾಂಡಲ್ ಅದರ ಕುಡಿ. ಮುಚ್ಚುಮರೆಯಿಲ್ಲದ ಮಾತಿಗೆ ಹೇಳುವ ‘ಕ್ಯಾಂಡಿಡ್’ ಕೂಡ ಅದೇ ಬಳ್ಳಿಯದು (ಕ್ಯಾಂಡಿಡೇಟಿನ ಖಾಸಾ ಅಣ್ಣನಂತೆ, ನಂಬಬೇಕು). ಇನ್ನಷ್ಟು ಕೆಳಗೆ ಅಗೆದರೆ ಸಂಸ್ಕೃತದ ಚಂದ್ರನೂ ನೆಂಟನಾಗುತ್ತಾನೆ. ಕಲೆ ಇರುವುದು ಆ ಕಡೆಯ ಬಳುವಳಿಯೇನೊ!

ರೋಮಿನವರು ಬಟ್ಟೆ ನೋಡಿ ಹೆಸರಿಟ್ಟರೆ ನಮ್ಮವರು ಜೋಡಿಸಿದ ಕೈ ನೋಡಿದರು. ‘ಅಭ್ಯರ್ಥಿ’ ಎಂದರೆ ಬೇಡುವವನು. ಪಾರಸಿಯಿಂದ ಬಂದ ‘ಉಮೇದುವಾರ’ ಆಸೆ ಹೊತ್ತವನು. ಮೂವರಲ್ಲಿ ನನಗೆ ಇವನ ಮೇಲೇ ಅಕ್ಕರೆ; ಇವನಿಗೆ ಇಸ್ತ್ರಿಯ ಖರ್ಚಿಲ್ಲ.

ಸಂಜೆ ಗಾಡಿಯವನಿಗೆ ರೋಮಿನ ಕಥೆ ಹೇಳಿದೆ.

‘ಸುಣ್ಣ ಹಚ್ಚೋರಾ? ಮಳೆ ಬಂದ್ರೆ?’

ಈ ಪ್ರಶ್ನೆಗೆ ನಿಘಂಟಿನಲ್ಲಿ ಉತ್ತರವಿರಲಿಲ್ಲ. ಮಾತು ತಿರುಗಿಸಿ, ‘ದುಡ್ಡು ಕೊಟ್ರೇನಪ್ಪಾ ನಿನ್ನ ಕ್ಯಾಂಡಿಡೇಟು?’ ಎಂದೆ.

‘ಗೆದ್ದ್ ಮ್ಯಾಲೆ ಕೊಡ್ತೀನಿ ಅಂದವ್ರೆ ಸಾರ್’ ಎಂದು ಬಲು ಉಮೇದಿನಿಂದ ಕೆಂಡ ಊದಿದ.